ಸೋಸಿದ ಮೇಲೆ

"ಅಂದ್ರ ಹಾಕಿದ್ದನ್ನ ಕಡೀಕ ಸೋಸಿ ತಗೀತೀರಿ ಅಂದಂಗಾತು," ಎಂದು ಶಂಕರಲಿಂಗಪ್ಪನವರು ಆ ಬೆಳಗ್ಗೆ ಮೊದಲ ಸಲ ನಿರಾಳವಾಗಿ ಕುರ್ಚಿಯ ಬೆನ್ನಿಗೆ ಒರಗಿದರು.

ಮೇಜಿನಾಚೆ ಕೂತಿದ್ದ ಶಮಾ ಹಾಳೆಯ ಮೇಲಿಂದ ಪೆನ್ನು ಎತ್ತಿ ಅವರ ಮುಖ ನೋಡಿದಳು. ಬಾಗಲಕೋಟೆಯ ಆ ಆಸ್ಪತ್ರೆಯಲ್ಲಿ ಹೃದಯದ ಆಪರೇಶನ್ ನಡೆಯುವಷ್ಟು ಹೊತ್ತು ಹೃದಯದ ಬದಲು ದುಡಿಯುವ ಮಶೀನನ್ನು ನಡೆಸುವವಳು ಅವಳು. ನಾಳೆ ಆಪರೇಶನ್ ಆಗಬೇಕಿದ್ದ ಕೂಸಿನ ಮನೆಯವರಿಗೆ ಏನೇನು ಮಾಡುತ್ತೇವೆಂದು ತಿಳಿಸಿ ಹೇಳಲು ದೊಡ್ಡ ಡಾಕ್ಟರು ಅವಳನ್ನು ಕಳಿಸಿದ್ದರು. ಇಷ್ಟು ಹೊತ್ತು ಅವಳು ಹೇಳಿದ್ದೆಲ್ಲ ಕೂಸಿನ ಅಜ್ಜನಾದ ಈ ಹಿರಿಯರ ಕಿವಿಯೊಳಗೆ ಒಂದಾಗಿ ಹೋಗಿ ಇನ್ನೊಂದಾಗಿ ಹೊರಬಂದಿತ್ತು.

ಹೇಳಿದ್ದೇನೋ ಸರಳವಾಗಿಯೇ ಇತ್ತು. ಹೃದಯ ನಿಲ್ಲಿಸಿ ಒಳಗಿನ ತೂತು ಮುಚ್ಚುವವರೆಗೆ ಕೂಸಿನ ರಕ್ತ ಮಶೀನಿನ ಪೈಪುಗಳಲ್ಲಿ ಹರಿಯಬೇಕು. ಪೈಪು ಖಾಲಿ ಇರುವಂತಿಲ್ಲ, ಮೊದಲೇ ತುಂಬಿರಬೇಕು. ದೊಡ್ಡವರಿಗಾದರೆ ಸಲೈನ್ ತುಂಬಿದರೆ ನಡೆದೀತು. ಇಷ್ಟು ಸಣ್ಣ ಕೂಸಿಗೆ ಹಾಗೆ ಮಾಡಿದರೆ ಮೈಯಲ್ಲಿರುವ ಚೂರು ರಕ್ತ ನೀರುಮಜ್ಜಿಗೆಯಾಗಿಬಿಡುತ್ತದೆ. ಅದಕ್ಕೇ ಬೇರೆಯವರ ರಕ್ತ ಬೆರೆಸಿ ತುಂಬುತ್ತಾರೆ. ಆದರೂ ನೀರು ಹೆಚ್ಚಾಗುವುದು ತಪ್ಪುವುದಿಲ್ಲ. ಅದು ಮೈಯಲ್ಲೇ ಉಳಿದರೆ ಕೂಸು ಬಾತುಕೊಳ್ಳುತ್ತದೆ, ಉಸಿರಾಟ ಭಾರವಾಗುತ್ತದೆ. ಹಾಗಾಗಿ ತೂತು ಮುಚ್ಚಿ ಹೃದಯ ಮತ್ತೆ ತಾನೇ ಬಡಿಯತೊಡಗಿದ ಮೇಲೆ, ಪೈಪು ಬಿಚ್ಚುವ ಮುಂಚೆ, ರಕ್ತವನ್ನು ಒಂದು ಫಿಲ್ಟರಿನಲ್ಲಿ ಹಾಯಿಸಿ ಹೆಚ್ಚಿನ ನೀರನ್ನು ತೆಗೆಯುತ್ತಾರೆ. ಮೊಸರನ್ನು ಬಟ್ಟೆಯಲ್ಲಿ ಕಟ್ಟಿ ತೂಗುಬಿಟ್ಟ ಹಾಗೆ, ನೀರು ಇಳಿಯುತ್ತದೆ, ಗಟ್ಟಿ ಉಳಿಯುತ್ತದೆ, ಎಂದಿದ್ದಳು ಶಮಾ.

"ಬರೇ ನೀರು ಹೋಗ್ತೈತ್ರಿ ಅಜ್ಜಾರ," ಎಂದಳು ಈಗ. "ರಕ್ತ ಎಲ್ಲಾ..."

ಮಾತು ಅಲ್ಲಿಗೇ ನಿಂತಿತು. ಮೇಜಿನ ಕೆಳಗೆ ಕೂಸಿನ ತಾಯಿ ಸುನಂದಾ ಕಾಲು ಚಾಚಿ ಅವಳ ಪಾದವನ್ನು ಮೆಟ್ಟಿದ್ದಳು. ಮೆಲ್ಲಗೆ ತಾಗಿಸಿದ್ದಲ್ಲ, ಬಲವಾಗಿಯೇ ಮೆಟ್ಟಿದ್ದಳು.

ಸುನಂದಾಳ ತೊಡೆಯ ಮೇಲೆ ಮಹಾಂತೇಶ ನಿದ್ದೆ ಹೋಗಿದ್ದ. ಒಂದೂವರೆ ವರ್ಷದ ಕೂಸು. ನೋಡಿದವರು ಇನ್ನೂ ವರ್ಷ ತುಂಬಿಲ್ಲವೇ ಎಂದು ಕೇಳುತ್ತಿದ್ದರು. ಹಾಲು ಕುಡಿಯುತ್ತ ಕುಡಿಯುತ್ತ ಬೆವೆತು, ಸೋತು, ಹಸಿವಿದ್ದರೂ ಮೊಲೆ ಬಿಟ್ಟುಬಿಡುತ್ತಿದ್ದ. ಹೃದಯದ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿತ್ತು. ಎದೆ ಕಟ್ಟಿ, ನ್ಯುಮೋನಿಯಾ ಆಗಿ, ಆ ವರ್ಷ ಆಸ್ಪತ್ರೆಗೆ ಸೇರುವುದು ಮನೆಗೆ ಬರುವುದೇ ಆಗಿತ್ತು. ಇನ್ನೊಂದು ಸಲ ಹಾಗಾದರೆ ಶ್ವಾಸಕೋಶದ ನಾಳಗಳು ಗಡುಸಾಗಿ ಆಪರೇಶನ್ ಮಾಡಲಿಕ್ಕೇ ಬಾರದ ಸ್ಥಿತಿಗೆ ಹೋದೀತು, ತಡ ಮಾಡಬೇಡಿ, ಎಂದು ದೊಡ್ಡ ಡಾಕ್ಟರು ಒತ್ತಿ ಹೇಳಿದ್ದರು. ಸುನಂದಾಳಿಗೆ ಬೇರೇನೂ ಬೇಕಿರಲಿಲ್ಲ. ನಾಳೆ ಬೆಳಗ್ಗೆ ಈ ಕೂಸನ್ನು ಆ ಬಾಗಿಲ ಒಳಗೆ ಕಳಿಸಬೇಕಿತ್ತು, ಅಷ್ಟೇ.

ಅಡ್ಡ ಬಂದದ್ದು ರಕ್ತ. ಕೂಸಿನದು ಓ ನೆಗೆಟಿವ್. ತಾಜಾ ರಕ್ತ ಬೇಕು, ಅದೂ ಹತ್ತಿರದ ಸಂಬಂಧಿಕರದು ಬೇಡ, ಅದರಿಂದ ಬೇರೆ ತೊಂದರೆ ಆಗುವುದುಂಟು, ಎಂದರು ಡಾಕ್ಟರು. ಶಂಕರಲಿಂಗಪ್ಪನವರು ಆ ಮಾತು ಕೇಳಿ, ಸಂಬಂಧಿಕರಲ್ಲದಿದ್ದರೂ 'ನಮ್ಮವರು' ಬೇಕಾದಷ್ಟು ಜನರಿದ್ದಾರೆ ಎಂದು ಎದೆ ತಟ್ಟಿಕೊಂಡು ಫೋನು ಹಿಡಿದು ಕೂತರು. ಇಳಕಲ್ಲಿನಲ್ಲಿ ಅವರ ಸೀರೆ ಅಂಗಡಿ ಗೊತ್ತಿಲ್ಲದವರಿಲ್ಲ. ಅಂಗಡಿಗಿಂತ ಹೆಚ್ಚಾಗಿ ಅವರ ಪ್ರವಚನ ಗೊತ್ತು. ಶ್ರಾವಣ ಬಂತೆಂದರೆ ಹುನಗುಂದ, ಕಮತಗಿ, ಅಮೀನಗಡ ಎಲ್ಲ ಕಡೆಯಿಂದ ಕರೆ. ಶರಣರ ಕಥೆ ಹೇಳುತ್ತ ಹೇಳುತ್ತ ಅವರ ಕಣ್ಣಲ್ಲಿ ನೀರು ಬರುತ್ತಿತ್ತು, ಕೇಳಿದವರ ಕಣ್ಣಲ್ಲೂ ಬರುತ್ತಿತ್ತು. ಎಲ್ಲರ ಮೈಯಲ್ಲಿ ಹರಿಯುವುದು ಒಂದೇ ಕೆಂಪು, ಅದಕ್ಕೆ ಕುಲವಿಲ್ಲ, ಎಂದು ಅವರು ಕೈ ಎತ್ತಿ ಹೇಳಿದಾಗ ಹೊಸ ಮದುಮಗಳಾಗಿ ಮುಂದಿನ ಸಾಲಿನಲ್ಲಿ ಕೂತಿದ್ದ ಸುನಂದಾ ಕೂಡ ಚಪ್ಪಾಳೆ ತಟ್ಟಿದ್ದಳು. ಚೊಳಚಗುಡ್ಡದ ತನ್ನ ಅಪ್ಪನಿಗೆ ಫೋನು ಮಾಡಿ, ದೇವರಂಥ ಮಾವ ಸಿಕ್ಕಿದ್ದಾರೆ ಎಂದು ಹೇಳಿಕೊಂಡಿದ್ದಳು.

ಆ 'ನಮ್ಮವರ' ಪೈಕಿ ಇಬ್ಬರೇ ಸಿಕ್ಕರು. ಒಬ್ಬನಿಗೆ ಹಿಂದೆ ಕಾಮಾಲೆ ಆಗಿತ್ತು, ಅವನದು ನಡೆಯುವುದಿಲ್ಲ. ಹುನಗುಂದದ ಇನ್ನೊಬ್ಬ, ಅಜ್ಜಾವರ ಮೊಮ್ಮಗನಿಗೆ ಜೀವ ಬೇಕಾದರೂ ಕೊಡುತ್ತೇನೆ ಎಂದವನು, ಬರಬೇಕಾದ ದಿನ ಫೋನು ಬಂದ್ ಮಾಡಿ ಕೂತ. ಶಂಕರಲಿಂಗಪ್ಪನವರು ಅವನ ಮನೆಯ ಬಾಗಿಲವರೆಗೂ ಕಾರು ಕಳಿಸಿದರು. ಹೆಂಡತಿ ಹೊರಗೆ ಬಂದು, ಅವರು ಸೊಲ್ಲಾಪುರಕ್ಕೆ ಹೋಗಿದ್ದಾರೆ ಎಂದಳಂತೆ. ಒಳಗೆ ಅವನ ಚಪ್ಪಲಿಗಳಿದ್ದವು ಎಂದು ಡ್ರೈವರು ಬಂದು ಹೇಳಿದ.

ಅಂಥ ಹೊತ್ತಿನಲ್ಲಿ ಬಂದವಳು ಜಯಶ್ರೀ. ಅವರದೇ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಹುಡುಗಿ. ಕುರುಬರ ಮನೆಯವಳು, ಬೀರಪ್ಪನ ಒಕ್ಕಲು, ಅಪ್ಪ ಹನಮಂತಪ್ಪನಿಗೆ ಇನ್ನೂ ಒಂದಷ್ಟು ಕುರಿಗಳಿವೆ. ಸುನಂದಾ ಕೂಸನ್ನು ಅಂಗಡಿಗೆ ತಂದರೆ ಮಹಾಂತೇಶ ಯಾರ ಕೈಗೂ ಹೋಗದೆ ಅವಳ ಹೆಗಲಿಗೇ ಹೋಗುತ್ತಿದ್ದ. ಕಾಲೇಜಿನಲ್ಲಿದ್ದಾಗ ಶಿಬಿರದಲ್ಲಿ ರಕ್ತ ಕೊಟ್ಟಿದ್ದಳಂತೆ, ತನ್ನದು ಯಾವ ಗುಂಪೆಂದು ಅವಳಿಗೆ ಗೊತ್ತಿತ್ತು. ಸುನಂದಾ ಫೋನಿನಲ್ಲಿ ಅಳುವುದನ್ನು ಕೇಳಿಸಿಕೊಂಡು, ಯಾರಿಗೂ ಹೇಳದೆ ಮೊದಲ ಬಸ್ಸು ಹತ್ತಿ ಬಂದು, ಪರೀಕ್ಷೆ ಮಾಡಿಸಿಕೊಂಡು, ರಕ್ತ ಕೊಟ್ಟು, ಅಲ್ಲಿ ಕೊಟ್ಟ ಬಿಸ್ಕೀಟನ್ನು ಕೂಸಿನ ಕೈಗಿತ್ತು, ಅಂಗಡಿ ತೆರೆಯುವ ಹೊತ್ತಾಯಿತೆಂದು ಹೊರಟುಹೋಗಿದ್ದಳು.

ಯಾರದೆಂದು ತಿಳಿದಾಗ ಶಂಕರಲಿಂಗಪ್ಪನವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುನಂದಾಳೂ ಎದುರು ಮಾತಾಡುತ್ತಿದ್ದಳು. ಅವರು ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಕೂತು, ವಿಭೂತಿಯ ಹಣೆಯನ್ನು ಕೈಯಲ್ಲಿ ಹಿಡಿದುಕೊಂಡು, ತಮ್ಮ ಮಗ, ಸುನಂದಾಳ ಗಂಡ ಅಮರೇಶನಿಗೆ ಬಹಳ ಮೃದುವಾಗಿ ಹೇಳಿದರು. ತಾನು ಊಟದಲ್ಲಿ ಎಂದೂ ಭೇದ ಮಾಡಿದವನಲ್ಲ. ಅವರ ಮನೆಗೆ ಹೋಗಿ ಚಹಾ ಕುಡಿದವನು. ಆದರೆ ಊಟ ಬೇರೆ, ರಕ್ತ ಬೇರೆ. ರಕ್ತವೆಂದರೆ ವಂಶದ ಮಾತು. ಕುರಿ ಕೊಯ್ದು ತಿನ್ನುವವರ ರಕ್ತ ಲಿಂಗ ಕಟ್ಟಿದ ಕೂಸಿನ ಮೈಯಲ್ಲಿ ಹರಿಯುವುದೆಂದರೆ ತನ್ನ ಮನಸ್ಸು ಒಪ್ಪುತ್ತಿಲ್ಲ. ಒಂದು ಎಂಟು ದಿನ ತಡೆದರೆ ಬೆಳಗಾವಿಯಲ್ಲೋ ಹುಬ್ಬಳ್ಳಿಯಲ್ಲೋ ನಮ್ಮವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಕೂಸನ್ನು ಅಲ್ಲಿಗೇ ಒಯ್ಯೋಣ.

ಅಪ್ಪಾಜಿ ಹೇಳುವುದರಲ್ಲೂ ಅರ್ಥವಿದೆ ಎಂದ ಅಮರೇಶ.

ಸುನಂದಾಳಿಗೆ ಹೇಸಿಗೆ ಎನಿಸಿದ್ದು ಮಾತಿನ ಅರ್ಥವಲ್ಲ, ಅವನು ಆಡಿದ ರೀತಿ. ಗಿರಾಕಿ ಎರಡು ಸೀರೆ ಹಿಡಿದು ನಿಂತಾಗ ಎರಡೂ ಚಲೋ ಇವೆಯೆನ್ನುವ ಅದೇ ದನಿ. ತೊಡೆಯ ಮೇಲೆ ಕೂಸಿನ ಪಕ್ಕೆಗಳು ಉಸಿರಿಗೊಮ್ಮೆ ಒಳಸೇದುತ್ತಿದ್ದವು. ಅದನ್ನು ನೋಡಿಯೂ ಈ ಇಬ್ಬರು ಗಂಡಸರು ಎಂಟು ದಿನದ ಮಾತಾಡುತ್ತಿದ್ದರು.

ಸಹಿ ತಾನೊಬ್ಬಳೇ ಮಾಡಿದರೂ ಆಗುತ್ತದೆಂದು ಅವಳು ನರ್ಸನ್ನು ಕೇಳಿ ತಿಳಿದುಕೊಂಡಿದ್ದಳು. ಆದರೆ ಅವರು ಕೂಸನ್ನೇ ಎತ್ತಿಕೊಂಡು ಕಾರು ಹತ್ತಿದರೆ ಸಹಿ ಮಾಡಿ ಏನು ಬಂತು? ತಾನು ಕಿರುಚಿ ರಂಪ ಮಾಡಬಹುದು. ಆಸ್ಪತ್ರೆಯವರು ನಿಮ್ಮ ನಿಮ್ಮಲ್ಲಿ ತೀರ್ಮಾನಿಸಿಕೊಂಡು ಬನ್ನಿರೆಂದು ಬೇರೆ ಕೂಸಿಗೆ ನಾಳಿನ ಹೊತ್ತು ಕೊಡಬಹುದು. ಅದಕ್ಕೇ, ಶಮಾ ಮೊಸರಿನ ಮಾತಾಡಿದಾಗ, ಮಾವನ ಮುಖ ಒಮ್ಮೆಲೇ ಬೆಳಗಿದ್ದನ್ನು ಕಂಡು, ಆ ಬೆಳಕು ಆರದಂತೆ ಅವಳು ಕಾಲು ಚಾಚಿದ್ದಳು.

"ಹೌದ್ರಿ ಮಾವಾರ," ಎಂದಳು. "ಸೋಸಿ ತಗೀತಾರ. ನಾನೂ ಕೇಳೀನಿ."

"ಪೂರಾ?"

"ಪೂರಾ."

ಶಂಕರಲಿಂಗಪ್ಪನವರು ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು. ವಿಜ್ಞಾನ ಎಲ್ಲಿಗೆ ಬಂತು ನೋಡು ಎಂದು ಮಗನ ಬೆನ್ನು ತಟ್ಟಿದರು. ನಮ್ಮದರಲ್ಲಿ ಹೊರಗಿನದು ಬೆರೆತರೂ ಕೊನೆಗೆ ನಮ್ಮದನ್ನು ನಮಗೆ ಉಳಿಸಿಕೊಡುವ ಮಶೀನು ಎಂದು ಅದಕ್ಕೊಂದು ಹೊಗಳಿಕೆಯನ್ನೂ ಅಲ್ಲೇ ಕಟ್ಟಿದರು. ಅಮರೇಶ ಪೆನ್ನು ತೆಗೆದುಕೊಂಡು ಸಹಿ ಮಾಡಿದ. ಸುನಂದಾ ಬಾಯಿಯಲ್ಲಿ ಊರಿದ ಉಗುಳನ್ನು ಎಲ್ಲಿ ಉಗಿಯಬೇಕೋ ತಿಳಿಯದೆ ನುಂಗಿದಳು.

ಹೊರಗೆ ನೀರಿನ ನಲ್ಲಿಯ ಹತ್ತಿರ ಶಮಾ ಅವಳನ್ನು ಹಿಡಿದು ನಿಲ್ಲಿಸಿದಳು. ಸಿಟ್ಟಿನಿಂದ ಅವಳ ಮೂಗಿನ ತುದಿ ಕೆಂಪಾಗಿತ್ತು.

"ನಾ ಸುಳ್ಳ ಹೇಳಾಕಿ ಅಲ್ಲ. ನನ್ನ ಬಾಯಿಲೆ ಹೇಳಿಸಿದ್ರಿ ನೀವು."

"ನಾ ಹೇಳಿದ್ನಿ. ನೀವೇನೂ ಅಂದಿಲ್ಲ," ಎಂದಳು ಸುನಂದಾ. "ಎಂಟು ದಿನ ತಡದ್ರ ಇದು ಉಳೀತೈತೇನ್ರಿ? ನೀವ ಹೇಳ್ರಿ."

ಶಮಾ ಕೂಸಿನ ಉಗುರು ನೋಡಿದಳು. ಬಿಳಿಚಿದ್ದ ಬೆರಳ ತುದಿಗಳನ್ನು ಒಂದೊಂದಾಗಿ ಒತ್ತಿ ಬಿಟ್ಟಳು. ಆಮೇಲೆ, ನಾಳೆ ಮಶೀನು ನಡೆಸುವ ಕೈ ಯಾವ ಕುಲದ್ದು ಅಂತ ಅಜ್ಜಾವರು ಕೇಳಲಿಲ್ಲ ನೋಡಿ, ಕೇಳಿದ್ದರೆ ಅದಕ್ಕೂ ಒಂದು ಫಿಲ್ಟರು ಹುಡುಕಬೇಕಿತ್ತು, ಎಂದು ನಕ್ಕಳು. ನಗೆಯಲ್ಲಿ ನಗೆಯೇ ಇರಲಿಲ್ಲ. ಸುನಂದಾಳಿಗೆ ಭೂಮಿ ಬಾಯಿಬಿಟ್ಟರೆ ಸಾಕೆನ್ನಿಸಿತು. ಅವಳ ಕೈ ಹಿಡಿದುಕೊಳ್ಳಲು ಹೋದರೆ ಶಮಾ ಮೆಲ್ಲಗೆ ಬಿಡಿಸಿಕೊಂಡು ಹೋದಳು.

ಮರುದಿನ ಆಪರೇಶನ್ ಆಯಿತು. ಕಾಯುವ ಹೊತ್ತನ್ನು ಸುನಂದಾ ಹೇಗೆ ಕಳೆದಳೆಂದು ಅವಳನ್ನು ಯಾರೂ ಕೇಳಬಾರದು, ಕೇಳಿದರೆ ಅವಳಿಗೂ ಗೊತ್ತಿಲ್ಲ. ದೊಡ್ಡ ಡಾಕ್ಟರು ಬಂದು ಎಲ್ಲ ಸರಿಯಾಗಿದೆ ಎಂದಾಗ ಅವಳು ಕೂಸನ್ನು ಯಾವಾಗ ನೋಡಬಹುದೆಂದು ಕೇಳಿದಳು. ಅಮರೇಶ ಅಳುತ್ತಿದ್ದ. ಶಂಕರಲಿಂಗಪ್ಪನವರೂ ಅತ್ತರು, ಅದು ಖರೆ ಅಳುವೇ. ಮೊಮ್ಮಗನೆಂದರೆ ಅವರಿಗೆ ಜೀವ. ಆ ಮಾತನ್ನು ಸುನಂದಾ ಎಂದೂ ಅಲ್ಲಗಳೆದವಳಲ್ಲ.

ಆದರೆ ಕಣ್ಣು ಒರೆಸಿಕೊಂಡವರೇ ಅವರು ಮೊದಲು ಕೇಳಿದ್ದು ಶಮಾ ಎಲ್ಲಿ ಎಂದು. ಅವಳು ಮುಖದ ಮಾಸ್ಕು ಕೆಳಗೆಳೆದುಕೊಂಡು ಹೊರಬಂದಾಗ ದಾರಿಗಡ್ಡ ನಿಂತರು. ಸೋಸಿದಿರಾ? ಸೋಸಿದೆವು. ಎಷ್ಟು ಬಂತು? ಒಂದು ಬಾಟಲಿಯಷ್ಟು ಬಂತು. ಹಾಕಿದ್ದೆಷ್ಟು? ಅದೂ ಹೆಚ್ಚುಕಡಿಮೆ ಅಷ್ಟೇ. ತೆಗೆದದ್ದರ ಬಣ್ಣ ಹೇಗಿತ್ತು? ಹಳದಿ.

"ಹಳದೀ!" ಎಂದು ಶಂಕರಲಿಂಗಪ್ಪನವರು ಮಗನ ಕಡೆ ತಿರುಗಿದರು. "ನೋಡಿದೇನೊ? ನಮ್ಮದು ಕೆಂಪಂದು ಒಳಗ ಉಳೀತು. ಒಂದು ಬಾಟ್ಲಿ ಹಾಕಿದ್ರು, ಒಂದು ಬಾಟ್ಲಿ ತಗದ್ರು."

ಅದನ್ನೊಂದು ಸಲ ಕಣ್ಣಿಂದ ನೋಡಬಹುದೇ ಎಂದೂ ಕೇಳಿದರು. ಅದು ಆಗಲೇ ಕಸಕ್ಕೆ ಹೋಗಿದೆ ಎಂದಳು ಶಮಾ, ಸುನಂದಾಳ ಕಡೆ ತಿರುಗಿಯೂ ನೋಡದೆ. ಕಸಕ್ಕೆ ಹೋಯಿತು ಎಂಬ ಮಾತು ಶಂಕರಲಿಂಗಪ್ಪನವರಿಗೆ ಬಹಳ ಹಿತವಾಯಿತು. ಅದನ್ನು ಇನ್ನೆರಡು ಸಲ ತಾವೇ ಹೇಳಿಕೊಂಡರು.

ಕೂಸು ಮನೆಗೆ ಬಂತು. ಮೊದಲ ವಾರ ಎದೆಯ ಮೇಲಿನ ಗೀರಿಗೆ ತಾಗದಂತೆ ಸುನಂದಾ ಅದನ್ನು ಅಡ್ಡಡ್ಡ ಎತ್ತಿಕೊಳ್ಳುತ್ತಿದ್ದಳು. ಆಮೇಲಾಮೇಲೆ ಅದು ತಟ್ಟೆಯಲ್ಲಿದ್ದ ಅನ್ನ ಮುಗಿಸತೊಡಗಿತು. ತುಟಿಗೆ ಬಣ್ಣ ಬಂತು. ಗೋಡೆ ಹಿಡಿದು ನಿಂತದ್ದು, ಒಂದು ದಿನ ಗೋಡೆ ಬಿಟ್ಟು ಪಡಸಾಲೆಯ ನಡುವಿಗೆ ಬಂದು ನಿಂತು, ತನ್ನ ಸಾಹಸಕ್ಕೆ ತಾನೇ ಹೆದರಿ ಕೂತುಬಿಟ್ಟಿತು. ಅದನ್ನು ನೋಡಿದ ಸುಖ ಎಷ್ಟಿತ್ತೆಂದರೆ, ಸುನಂದಾ ಎಲ್ಲವನ್ನೂ ಮರೆತೇಬಿಡುತ್ತಿದ್ದಳೋ ಏನೋ. ಮರೆಯಲು ಮಾವ ಬಿಡಬೇಕಲ್ಲ.

ಮೊದಮೊದಲು ಯಾರ ರಕ್ತವೆಂಬುದನ್ನು ಶಂಕರಲಿಂಗಪ್ಪನವರು ಮುಚ್ಚಿಟ್ಟಿದ್ದರು. ಬರಬರುತ್ತ, ಮುಚ್ಚಿಡುವುದಕ್ಕಿಂತ ಹೇಳುವುದೇ ಹೆಚ್ಚು ಶೋಭೆಯೆಂದು ಅವರಿಗೆ ಹೊಳೆಯಿತು. ಅದರಲ್ಲಿ ಎಲ್ಲವೂ ಇತ್ತು. ತಾವು ಕುಲ ನೋಡದೆ ರಕ್ತ ತೆಗೆದುಕೊಂಡದ್ದಿತ್ತು. ವಿಜ್ಞಾನದ ಮೇಲಿನ ಭರವಸೆ ಇತ್ತು. ಕೊನೆಗೆ ಮನೆತನ ಮನೆತನವಾಗಿಯೇ ಉಳಿದದ್ದೂ ಇತ್ತು. ಅಂಗಡಿಗೆ ಬಂದವರಿಗೆಲ್ಲ ಚಹಾ ತರಿಸಿ ಹೇಳಿದರು. ಸೋಸುವ ಮಶೀನು ಅವರ ಬಾಯಲ್ಲಿ ದಿನದಿನಕ್ಕೆ ದೊಡ್ಡದಾಗುತ್ತ ಹೋಯಿತು. ಹಂಸ ಹಾಲನ್ನೂ ನೀರನ್ನೂ ಬೇರೆ ಮಾಡುತ್ತದಲ್ಲ, ಹಾಗೆ ಒಬ್ಬರದನ್ನೂ ಇನ್ನೊಬ್ಬರದನ್ನೂ ಗುರುತು ಹಿಡಿದು ಬೇರೆ ಮಾಡುತ್ತದೆ ಎನ್ನುವಲ್ಲಿಗೆ ಬಂತು. ಕೇಳಿದವರು ತಲೆದೂಗಿದರು. ಒಬ್ಬ ಗಿರಾಕಿಯಂತೂ ತನ್ನ ಮಗಳ ಹೆರಿಗೆಗೂ ಅಂಥದ್ದು ಎಲ್ಲಿ ಸಿಕ್ಕೀತು ಎಂದು ಆಸ್ಪತ್ರೆಯ ಹೆಸರು ಕೇಳಿ ಬರೆದುಕೊಂಡ. ಸುನಂದಾಳಿಗೆ ಹೇಸಿಗೆ ಹುಟ್ಟಿತು. ಮಾವನ ಮೇಲಷ್ಟೇ ಅಲ್ಲ. ಈ ಕಥೆಯ ಬೀಜ ಬಿತ್ತಿದ ತನ್ನ ಬಾಯಿಯ ಮೇಲೂ ಹುಟ್ಟಿತು. ಒಂದೊಂದು ಸಲ ಹಲ್ಲುಜ್ಜಿದ ಮೇಲೂ ನಾಲಿಗೆಯ ಮೇಲೆ ಆ 'ಪೂರಾ' ಎಂಬ ಮಾತು ಅಂಟಿಕೊಂಡೇ ಇರುತ್ತಿತ್ತು.

ಹೇಳಿಬಿಡೋಣವೆಂದು ಒಮ್ಮೆ ಅಮರೇಶನ ಹತ್ತಿರ ಮಾತು ತೆಗೆದಳು. ಅವನಿಗೆ ಗೊತ್ತಿತ್ತು! ಶಮಾ ಹೇಳಿದ್ದು ತನಗೆ ಅವತ್ತೇ ತಿಳಿದಿತ್ತು, ಸೋಸುವುದು ನೀರನ್ನಷ್ಟೇ ಎಂದು ತಾನು ಮೊಬೈಲಿನಲ್ಲೂ ನೋಡಿಕೊಂಡಿದ್ದೆ, ಎಂದ. ಅಪ್ಪಾಜಿಗೆ ಸಮಾಧಾನ ಇರುವಾಗ ನಾವ್ಯಾಕೆ ಕದಡಬೇಕು, ಹೇಗೂ ಕೂಸು ಆರಾಮಿದೆಯಲ್ಲ. ಹೀಗೆಂದು ಮಗ್ಗುಲಾಗಿ ಮಲಗಿದ. ಅವನ ಬೆನ್ನನ್ನು ನೋಡುತ್ತ ಸುನಂದಾ, ಈ ಬೆನ್ನಿನಲ್ಲಿ ಎಲುಬುಗಳು ಇದ್ದಾವೋ ಇಲ್ಲವೋ ಎಂದುಕೊಂಡಳು.

ಮುಂದಿನ ಭಾನುವಾರ ಮನೆಯಲ್ಲಿ ಊಟ. ಕೂಸು ಬದುಕಿ ಬಂದದ್ದಕ್ಕೆ ಹತ್ತಿರದವರನ್ನು ಕರೆದಿದ್ದರು. ಕಮತಗಿಯಿಂದ ಶಂಕರಲಿಂಗಪ್ಪನವರ ಅಕ್ಕ ಸಾವಿತ್ರೆವ್ವ ಹಿಂದಿನ ದಿನವೇ ಬಂದು ಅಡುಗೆಮನೆ ಹಿಡಿದಿದ್ದರು. ಸುನಂದಾಳ ಅತ್ತೆ ತೀರಿಕೊಂಡ ಮೇಲೆ ಆ ಮನೆಯ ದೊಡ್ಡ ಅಡುಗೆಗಳೆಲ್ಲ ಅವರದೇ. ಗೋದಿ ಬೆಲ್ಲದ ಮಾದಲಿ, ಎಣ್ಣೆಗಾಯಿ, ಕಡಲೆಬೇಳೆ ಪಲ್ಯ, ಕೆನೆಮೊಸರು. ಪಡಸಾಲೆಯಲ್ಲಿ ಉದ್ದಕ್ಕೂ ಜಮಖಾನೆ ಹಾಸಿ ಒಂದು ಪಂಕ್ತಿ ಕೂತಾಗಿತ್ತು. ತಟ್ಟೆಗಳ ಮೇಲೆ ಮಾದಲಿ ಬಿದ್ದು, ಹಾಲು ಬಿದ್ದು, ತುಪ್ಪ ಬೀಳುತ್ತಿತ್ತು. ಶಂಕರಲಿಂಗಪ್ಪನವರು ಮೊಮ್ಮಗನನ್ನು ತೊಡೆಯ ಮೇಲೆ ಕೂರಿಸಿಕೊಂಡು ನಡುವೆ ಕೂತಿದ್ದರು. ಕೂಸಿನ ಅಂಗಿಯ ಗುಂಡಿ ಬಿಚ್ಚಿ, ಗೀರು ತೋರಿಸಿ, ಸೋಸಿದ ಕಥೆಯನ್ನು ಆಗಲೇ ಒಂದು ಸುತ್ತು ಹೇಳಿ ಮುಗಿಸಿದ್ದರು.

ಜಯಶ್ರೀ ಬಂದದ್ದು ಆಗ. ಅಂಗಡಿ ರಜೆಯಾದ್ದರಿಂದ ತನ್ನ ಊರಿಂದಲೇ ಬಂದಿದ್ದಳು. ಕೂಸಿಗೆ ಒಂದು ಜೊತೆ ಕೆಂಪು ಬೂಟು ತಂದಿದ್ದಳು. ಅವಳನ್ನು ಕಂಡ ಕೂಡಲೇ ಮಹಾಂತೇಶ ಅಜ್ಜನ ತೊಡೆಯ ಮೇಲಿಂದಲೇ ಎರಡೂ ಕೈ ಚಾಚಿ ಜಿಗಿದಾಡಿದ.

ಶಂಕರಲಿಂಗಪ್ಪನವರು ಅವಳನ್ನು ಎಲ್ಲರೆದುರಿಗೆ ಕರೆದು ಹತ್ತಿರ ನಿಲ್ಲಿಸಿಕೊಂಡರು. ಮೊದಲೇ ತೆಗೆಸಿಟ್ಟಿದ್ದ ಸೀರೆಯನ್ನು ಅಮರೇಶ ತಂದುಕೊಟ್ಟ. ದಾಳಿಂಬೆ ಬಣ್ಣದ್ದು, ಕೆಂಪು ಬಿಳಿ ತೆನೆಗಳ ಟೋಪ್ ತೆನಿ ಸೆರಗು. ಅಂಗಡಿಯಲ್ಲಿ ಅವಳೇ ಎಷ್ಟೋ ಗಿರಾಕಿಗಳಿಗೆ ಬಿಚ್ಚಿ ತೋರಿಸಿ ಮತ್ತೆ ಮಡಿಚಿಟ್ಟ ಸೀರೆ. ಅವಳು ನಾಚಿಕೊಂಡು ಎರಡೂ ಕೈ ಮುಂದೆ ಮಾಡಿದಳು.

"ನೋಡವಾ, ನೀ ಮಾಡಿದ್ದು ಸಣ್ಣದಲ್ಲ," ಎಂದರು ಅವರು, ಪ್ರವಚನದ ದನಿಯಲ್ಲಿ. "ಆದ್ರ ಯಾರ ಋಣಾನೂ ಇಟ್ಕೊಳ್ಳೂ ಮನಿತನ ಅಲ್ಲ ನಮ್ದು. ನಿಂದು ಏನಿತ್ತು, ಹನಿ ಉಳಿಯದಂಗ ಸೋಸಿ ತಗಸೀನಿ. ನಿನಗೂ ಭಾರಿಲ್ಲ, ನಮಗೂ ಭಾರಿಲ್ಲ."

ಜಯಶ್ರೀಯ ಕೈಗಳು ಸೀರೆಯ ಅಡಿಯಲ್ಲಿ ಹಾಗೆಯೇ ಇದ್ದವು. ಅಂಗಡಿಯಲ್ಲಿ ಅವಳ ಕಿವಿಗೆ ಈ ಕಥೆ ಬೀಳದಂತೆ ಅಷ್ಟು ದಿನ ಎಲ್ಲರೂ ನೋಡಿಕೊಂಡಿದ್ದರೋ, ಅಥವಾ ಬಿದ್ದರೂ ಅವಳು ನಂಬಿರಲಿಲ್ಲವೋ.

"ಚೆಲ್ಲಿದ್ರೇನ್ರಿ ಅಜ್ಜಾರ?"

"ಚೆಲ್ಲಿದ್ರವಾ. ದವಾಖಾನ್ಯಾಗ ಅದಕ್ಕೊಂದು ಜಾಗಾ ಇರ್ತೈತಿ."

ಅವಳು ತಿರುಗಿ ಸುನಂದಾಳನ್ನು ನೋಡಿದಳು. ಸುನಂದಾ ಹಪ್ಪಳದ ಬುಟ್ಟಿ ಹಿಡಿದು ಪಂಕ್ತಿಯ ಕೊನೆಯಲ್ಲಿ ನಿಂತಿದ್ದಳು.

"ಅಕ್ಕಾರ, ಚೆಲ್ಲೂದಕ್ಕ ಬೇಕಾಗಿತ್ತೇನ್ರಿ ನಂದು?"

ಪಂಕ್ತಿಯಲ್ಲಿ ಯಾರೋ ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು. ಸುನಂದಾ ಇಷ್ಟು ದಿನ, ಕೂಸಿನ ಜೀವಕ್ಕಾಗಿ ಬಾಯಿ ಮುಚ್ಚಿಕೊಂಡಿದ್ದೇನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಕೂಸು ಬದುಕಿ ತಿಂಗಳ ಮೇಲಾಗಿತ್ತು. ಅದು ಅಲ್ಲಿ ಕೂತು ಬೂಟಿಗೆ ಕೈ ಚಾಚುತ್ತಿತ್ತು. ಹಾಗಾದರೆ ಈಗ ಈ ಬಾಯಿ ಮುಚ್ಚಿರುವುದು ಯಾವುದಕ್ಕಾಗಿ? ಮಾವನ ಸಮಾಧಾನಕ್ಕಾಗಿ, ಗಂಡನ ನಿದ್ದೆಗಾಗಿ, ಈ ಮಾದಲಿಯ ಪಂಕ್ತಿ ಸುಸೂತ್ರ ಮುಗಿಯಲೆಂದು. ಅವಳಿಗೆ ತನ್ನ ಮೇಲೇ ಅಸಹ್ಯವಾಯಿತು.

"ಯಾರೂ ಏನೂ ಚೆಲ್ಲಿಲ್ಲ," ಎಂದಳು. ದನಿ ಅವಳೆಣಿಸಿದ್ದಕ್ಕಿಂತ ಗಟ್ಟಿಯಾಗಿ ಬಂತು. "ಸೋಸಿದ್ದು ಬರೇ ನೀರು. ನಿನ್ನ ರಕ್ತ ಅವನ ಮೈಯಾಗ ಐತಿ ಜಯಶ್ರೀ. ಅದರ ಮ್ಯಾಲೇ ಅಂವ ಬದುಕಿದ. ದವಾಖಾನ್ಯಾಗ ಮಾವಾರಿಗೆ ಸುಳ್ಳ ಹೇಳಿದಾಕಿ ನಾ."

ಶಂಕರಲಿಂಗಪ್ಪನವರು ಸೊಸೆಯನ್ನು ನೋಡಿದರು, ಮಗನನ್ನು ನೋಡಿದರು. ಅಮರೇಶ ತುಪ್ಪದ ಗಿಂಡಿಯೊಳಗೆ ಕಣ್ಣಿಟ್ಟಿದ್ದ. ಅಷ್ಟರಿಂದಲೇ ಅವರಿಗೆ ಖರೆ ಯಾವುದೆಂದು ತಿಳಿಯಿತು. ಅವರು ಕೂಗಾಡಲಿಲ್ಲ. ತೊಡೆಯ ಮೇಲಿದ್ದ ಮೊಮ್ಮಗನ ಸೊಂಟವನ್ನು ಬಳಸಿದ್ದ ಕೈಯನ್ನು ಮೊದಲು ಸಡಿಲಿಸಿದರು. ಆಮೇಲೆ ಕಂಕುಳಿಗೆ ಎರಡೇ ಬೆರಳು ಕೊಟ್ಟು ಎತ್ತಿ, ಬಿಸಿ ಪಾತ್ರೆ ಇಳಿಸಿದಂತೆ, ಅದನ್ನು ಜಮಖಾನೆಯ ಮೇಲಿಳಿಸಿದರು. ಎದ್ದು ನಿಂತು ಧೋತರ ಕೊಡವಿಕೊಂಡರು.

"ಸೆಕಿ ಭಾಳ ಆತು," ಎಂದರು ಯಾರಿಗೂ ಅಲ್ಲದ ಹಾಗೆ. "ಮೈಮ್ಯಾಲೆ ಒಂದೀಟು ನೀರು ಹಾಕ್ಕೊಂಡು ಬರ್ತೇನಿ. ನೀವು ಊಟಾ ಮಾಡ್ರಿ."

ಹಿತ್ತಲ ಬಚ್ಚಲಿನ ಬಾಗಿಲು ಹಾಕಿದ ಸದ್ದಾಯಿತು. ಸ್ವಲ್ಪ ಹೊತ್ತಿಗೆ ನೀರು ಸುರಿಯುವ ಸದ್ದು. ಒಂದು ತಂಬಿಗೆ, ಇನ್ನೊಂದು, ಮತ್ತೊಂದು. ನಮಗೆ ಸೂತಕವಿಲ್ಲ, ಮಡಿಮೈಲಿಗೆಯಿಲ್ಲ ಎಂದು ವರ್ಷ ವರ್ಷ ಅವರ ಬಾಯಿಂದಲೇ ಕೇಳಿದ್ದ ಜನ ತಟ್ಟೆಗಳನ್ನು ನೋಡುತ್ತ ಕೂತು ಆ ಸದ್ದನ್ನು ಕೇಳಿದರು. ಒಬ್ಬರಾದರೂ ಎದ್ದಾರೆಂದು ಸುನಂದಾ ನೋಡಿದಳು. ಯಾರೋ ಮೆಲ್ಲಗೆ ಮಾದಲಿಗೆ ಇನ್ನಷ್ಟು ಹಾಲು ಕೇಳಿದರು.

ಸಾವಿತ್ರೆವ್ವ ಮಾತ್ರ ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತವರು, ನನ್ನ ಹತ್ತಿರ ಬಂದು ಕೂತು ಉಣ್ಣು ಬಾ ಎಂದು ಜಯಶ್ರೀಯನ್ನು ಕರೆದರು. ಅವಳು ತಲೆ ಅಲ್ಲಾಡಿಸಿದಳು. ಸೀರೆಯನ್ನು ಗಿರಾಕಿ ಬೇಡವೆಂದಾಗ ಮಡಿಚಿಡುವಷ್ಟೇ ಅಚ್ಚುಕಟ್ಟಾಗಿ ಮಂಚದ ಮೇಲಿಟ್ಟಳು. ಬಗ್ಗಿ ಕೂಸಿನ ಕಾಲಿಗೆ ಬೂಟು ಹಾಕಿ, ಪಟ್ಟಿ ಬಿಗಿದು, ಕೆನ್ನೆ ಸವರಿ, ಬರುತ್ತೇನೆ ಅಕ್ಕಾರ ಎಂದು ಹೊರಟಳು. ಸುನಂದಾ ಬಾಗಿಲವರೆಗೂ ಹಿಂದೆ ಹೋದಳು. ಬೀದಿಯ ಬಿಸಿಲಲ್ಲಿ ಜಯಶ್ರೀ ತಿರುವು ದಾಟುವವರೆಗೆ ನಿಂತುಕೊಂಡಳು.

ಒಳಗೆ ಬಂದಾಗ ಅಮರೇಶ ಬಚ್ಚಲಿನ ಬಾಗಿಲಿಗೆ ಮುಖ ಹಚ್ಚಿ ನಿಂತಿದ್ದ. ಕೈಯಲ್ಲಿ ಮೊಬೈಲು ಬೆಳಗುತ್ತಿತ್ತು.

"ಅಪ್ಪಾಜಿ, ಇಲ್ಲಿ ಕೊಟ್ಟಾರ ನೋಡ್ರಿ," ಎನ್ನುತ್ತಿದ್ದ ಸಣ್ಣ ದನಿಯಲ್ಲಿ. "ಹೊರಗಿನ ರಕ್ತ ಭಾಳ ದಿನ ಇರೂದಿಲ್ಲಂತ. ನಾಕು ತಿಂಗಳದಾಗ ತಾನ ಸತ್ತು ಹೋಗ್ತೈತಂತ."

ಒಳಗೆ ನೀರಿನ ಸದ್ದು ನಿಂತಿತು. ಬಾಗಿಲಾಚೆ ಶಂಕರಲಿಂಗಪ್ಪನವರು ಯೋಚಿಸುತ್ತಿರಬೇಕು. ಆಮೇಲೆ ತಂಬಿಗೆ ಮತ್ತೆ ಹಂಡೆಯೊಳಗೆ ಇಳಿಯಿತು.

ಮಹಾಂತೇಶ ಯಾರ ಕೈಯಲ್ಲೂ ಇರಲಿಲ್ಲ. ಸುನಂದಾ ಗಾಬರಿಯಾಗಿ ಸುತ್ತ ನೋಡಿದಳು. ಹೊಸ ಬೂಟಿನ ಖುಷಿಯಲ್ಲಿ ಅದು ತಾನೇ ಹಿತ್ತಲಿಗೆ ಇಳಿದು, ಬಚ್ಚಲಿನಿಂದ ಹೊರಬರುವ ಗಟಾರದ ಪಕ್ಕ ಕುಕ್ಕರುಗಾಲಲ್ಲಿ ಕೂತಿತ್ತು. ಅಜ್ಜನ ಮೈ ತೊಳೆದ ನೀರು ಸಾಬೂನಿನ ನೊರೆ ಹೊತ್ತು ಹರಿದು ಬರುತ್ತಿತ್ತು, ವಿಭೂತಿ ಕರಗಿ ಬೆಳ್ಳಗಾಗಿತ್ತು. ಕೂಸು ಅಂಗೈಯಿಂದ ನೊರೆಯನ್ನು ಬಡಿಯುತ್ತ ಕೇಕೆ ಹಾಕಿ ನಗುತ್ತಿತ್ತು.

ಸುನಂದಾ ಓಡಿಹೋಗಿ ಅದನ್ನು ಎತ್ತಿಕೊಂಡಳು.

"ಛೀ, ಮುಟ್ಟಬ್ಯಾಡಪಾ," ಎಂದಳು. "ಹೊಲಸು ನೀರದು."

ಹಿತ್ತಲ ಕಟ್ಟೆಯ ಮೇಲೆ ಅದನ್ನು ಕೂರಿಸಿ, ಕೊಡದಿಂದ ಒಳ್ಳೆಯ ನೀರು ಬಗ್ಗಿಸಿ, ಒಂದೊಂದೇ ಬೆರಳು ಬಿಡಿಸಿ ಆ ಸಣ್ಣ ಕೈಗಳನ್ನು ತೊಳೆಯತೊಡಗಿದಳು.